ಡಾಲ್ಫಿನ್ ಕನಸಿನ ಬೆಲೆ

“ಏನಾದ್ರೂ ಕಾಣಿಸ್ತಾ ಇದ್ಯೇನೇ?” ಕಡಲಿನ ಮೇಲೆ ಚಾಚಿಕೊಂಡ ಬಂಡೆಯ ಅಂಚಿನಲ್ಲಿ ನಿಂತು ಅತ್ತೆ ಮಾಲ್ಸುಕ್ ಕೇಳಿದರು.

“ಇಲ್ಲ ಅತ್ತೆ. ಬರೀ ನೀರು,” ಎಂದಳು ಸೊಸೆ ಹ್ಯೆರಿನ್.

“ಸರಿಯಾಗಿ ನೋಡು. ಡಾಲ್ಫಿನ್‌ನ ಕಣ್ತುಂಬ ನೋಡಿದ್ರೆ ತಾನೇ ಅದು ಕನಸಲ್ಲಿ ಬರೋದು? ಕನಸು ಬೀಳದೆ ಯಾರಿಗಾದ್ರೂ ಬಸಿರು ನಿಂತಿದ್ದುಂಟಾ? ಇವನು ಹುಟ್ಟೋ ಮುಂಚೆ ನನ್ನ ಕನಸಲ್ಲಿ ಹುಲಿಯೇ ಬಂದಿತ್ತು.”

ಆ ಹುಲಿ ಕಿತ್ತಳೆಯ ಚೀಲ ಹೊತ್ತು, ಏದುಸಿರು ಬಿಡುತ್ತಾ ಹಿಂದಿನಿಂದ ಬರುತ್ತಿತ್ತು. ಹೆಸರು ತೆಗ್ಯು, ಹ್ಯೆರಿನ್‌ಳ ಗಂಡ. ಮದುವೆಯಾಗಿ ಐದು ವರ್ಷದಲ್ಲಿ ಹ್ಯೆರಿನ್ ಕಹಿ ಕಷಾಯ ಕುಡಿದಿದ್ದಳು, ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡಿದ್ದಳು, ಬುದ್ಧನಿಗೆ ನೂರೆಂಟು ಸಲ ಅಡ್ಡಬಿದ್ದಿದ್ದಳು. ಈಗ ಜೆಜು ದ್ವೀಪದ ಸರದಿ. ಈ ಮನೆತನದ ವಂಶೋದ್ಧಾರ ತಮ್ಮ ಮೇಲೆ ಬಿದ್ದಿದೆಯೆಂದು ಡಾಲ್ಫಿನ್‌ಗಳಿಗೆ ಯಾರೂ ಹೇಳಿದಂತಿರಲಿಲ್ಲ.

ಮುಂದಿನ ಏರನ್ನು ನೋಡಿದ್ದೇ ತಡ, ತೆಗ್ಯು ಬೆಂಚಿನ ಮೇಲೆ ಕುಸಿದು ಕಣ್ಣು ಮುಚ್ಚಿದ. ಅತ್ತೆ ಒಂದು ಕಿತ್ತಳೆ ಸುಲಿಯುವಷ್ಟರಲ್ಲಿ ಧಡಕ್ಕನೆ ಎದ್ದು ಕೂತ.

“ಅಮ್ಮಾ, ಕನಸು ಬಿತ್ತು! ಡಾಲ್ಫಿನ್ ಸೀದಾ ನನ್ನ ಮಡಿಲಿಗೇ ನೆಗೀತು. ಕೆಲಸ ಆಯ್ತಲ್ಲ, ಇನ್ನು ನಡೆಯೋದ್ಯಾಕೆ? ಊಟಕ್ಕೆ ಹೋಗೋಣ.”

ಇಷ್ಟು ಹಸಿದ ಕನಸನ್ನು ಹ್ಯೆರಿನ್ ಕಂಡಿರಲಿಲ್ಲ. ಅತ್ತೆಗೆ ಮಾತ್ರ ಕಣ್ಣಲ್ಲಿ ನೀರೇ ಬಂತು. “ಗಂಡ ಕಂಡ್ರೂ ನಡೆಯುತ್ತೆ. ಆದ್ರೆ ಹೊರಬೇಕಾದವಳು ನೀನು. ಆ ಕನಸನ್ನ ಅವನಿಂದ ಕೊಂಡ್ಕೋ. ಬಿಟ್ಟಿ ತಗೊಂಡ್ರೆ ಫಲಿಸಲ್ಲ, ಕೈಯಲ್ಲಿದ್ದದ್ದು ಏನಾದ್ರೂ ಕೊಡು.”

“ಕೊಟ್ಟೆ ಅತ್ತೆ. ಸೋಮವಾರ ಆಸ್ಪತ್ರೆಯಲ್ಲಿ ನನ್ನ ಸರದಿ ಇದೆ. ಅದನ್ನೇ ಇವರಿಗೆ ಕೊಟ್ಟೆ. ನನ್ನ ಪರೀಕ್ಷೆಗಳೆಲ್ಲ ಮುಗಿದು ಏನೂ ಐಬಿಲ್ಲ ಅಂದಿದ್ದಾರೆ. ಇವರು ಮಾತ್ರ ಇನ್ನೂ ಒಂದು ಸಲಾನೂ ಆ ಬಾಗಿಲು ದಾಟಿಲ್ಲ.”

ಸುಲಿದ ಕಿತ್ತಳೆ ಅತ್ತೆಯ ಕೈಯಲ್ಲೇ ಉಳಿಯಿತು. “ಹೋಗಿ ಬಂದೆ, ಎಲ್ಲ ಸರಿ ಇದೆ ಅಂದಿದ್ದೆಯಲ್ಲೋ?”

ತೆಗ್ಯು ಸಮುದ್ರದ ಕಡೆ ನೋಡಿದ. ಸಮುದ್ರ ಅವನ ಕೈಬಿಡಲಿಲ್ಲ: ಬಂಡೆಯ ಕೆಳಗೇ ಒಂದು ಹಿಂಡು ಮಿರಮಿರ ಬೆನ್ನು ತೋರಿಸಿ ನೆಗೆಯಿತು. “ಅಗೋ ಅಮ್ಮಾ, ಡಾಲ್ಫಿನ್! ಮರಿಯೂ ಇದೆ! ನೋಡು, ನೋಡು!”

ಅತ್ತೆ ತಿರುಗಲಿಲ್ಲ. ಮಗನನ್ನೇ ನೋಡುತ್ತಾ ಸೊಸೆಯನ್ನು ಕೇಳಿದರು:

“ಸೋಮವಾರ ಎಷ್ಟು ಹೊತ್ತಿಗೆ?”