ಬಾಗಿಲಿಲ್ಲದ ಬೀರು

ಗಂಡನಿಗೆ ಎಡಿಎಚ್‌ಡಿ, ಅದಕ್ಕೆ ದಿನಾ ಮಾತ್ರೆ. ಮನಸ್ಸು ಒಂದೆಡೆ ನಿಲ್ಲದು, ಕಣ್ಣಿಗೆ ಕಾಣದ ವಸ್ತು ಮರೆತೇಹೋಗುತ್ತದೆ. ಅವನ ಹುಟ್ಟುಹಬ್ಬಕ್ಕೆ ಇನ್ನೊಂದು ಶರ್ಟು ಯಾಕೆಂದು ಬಡಗಿಯನ್ನು ಕರೆಸಿ, ಮನೆಯ ಬೀರುಗಳ ಬಾಗಿಲು ಕಳಚಿಸತೊಡಗಿದೆ. ಅದೇ ನನ್ನ ಉಡುಗೊರೆ.

ಅತ್ತೆ ಕೆಂಡವಾದರು. "ಮನೆ ಮಾನ ಕಳೀತೀಯೇನೇ? ನಮ್ಮ ವಂಶದಲ್ಲಿ ಯಾರೂ ತಲೆ ಮಾತ್ರೆ ನುಂಗಿದೋರಲ್ಲ. ಇವನಿಗೆ ಅದನ್ನ ಇಟ್ಟ ಜಾಗಾನೂ ನೆನಪಿರಲ್ಲ!"

"ಹೌದಮ್ಮ, ಪ್ರತಿ ತಿಂಗಳೂ ಮಾತ್ರೆ ಕಳ್ಕೋತೀನಿ. ತಪ್ಪು ನಂದೇ" ಎಂದು ಗಂಡ ತಲೆ ತಗ್ಗಿಸಿದ.

ನನಗೆ ಮೈಯೆಲ್ಲ ಉರಿಯಿತು. "ಒಂದೂ ಬಿಡ್ಬೇಡಿ, ಎಲ್ಲಾ ಬಿಚ್ಚಿ" ಎಂದೆ ಬಡಗಿಗೆ.

"ದೇವರ ಬೀರು ಮುಟ್ಟಿದ್ರೆ ಜೋಕೆ!" ಅತ್ತೆ ಓಡಿಬಂದರು.

ಅಷ್ಟರಲ್ಲಿ ಬಾಗಿಲು ಬಡಗಿಯ ಕೈಗೆ ಬಂದಿತ್ತು. ಬತ್ತಿ, ಕರ್ಪೂರದ ಹಿಂದೆ ಗಂಡ ಕಳೆದುಕೊಂಡಿದ್ದ ಮಾತ್ರೆಗಳೆಲ್ಲ ಸಾಲಾಗಿ ಕೂತಿದ್ದವು.