ಜುಂಜಮ್ಮನ ಬೆಲ್ಲದ ಗಂಜಿ

ಮುತ್ತುರಾಜನ ಮೂತ್ರದಲ್ಲಿ ಅಫೀಮಿನ ಜಾತಿಯ ಮದ್ದು ಕಾಣಿಸಿದೆ ಎಂದು ನರ್ಸ್ ಮಂಜುಳ ಹೇಳಿದಾಗ, ಬಾಗಿಲ ಬಳಿ ಕೂತಿದ್ದ ಅವನ ತಾಯಿ ಜುಂಜಮ್ಮ ತಟ್ಟನೆ ತಲೆಯೆತ್ತಿದಳು.

ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳ ಕಂಪನಿ ಅದು, ರಾಯದುರ್ಗದ ಹೊರಗಿನದು. ಮುತ್ತುರಾಜ್ ಸೇರಲು ಬಂದದ್ದು ಎತ್ತರದ ಕಂಬ ಹತ್ತಿ ರಿಪೇರಿ ಮಾಡುವ ಕೆಲಸಕ್ಕೆ. ಅಮಲಿನ ಪರೀಕ್ಷೆ ಪಾಸಾಗದವನನ್ನು ಕಂಬದ ಬುಡಕ್ಕೂ ಬಿಡುವುದಿಲ್ಲ. ಗುಮ್ಮಘಟ್ಟದ ಕಡೆಯ, ಕುರಿ ಕಾಯುವ ಅವರ ಮನೆಯಿಂದ ಇಂಥ ಕೆಲಸದ ಹೊಸ್ತಿಲವರೆಗೆ ಬಂದವನು ಇವನೊಬ್ಬನೇ.

ಏನಾದರೂ ಔಷಧಿ ತೆಗೆದುಕೊಂಡಿದ್ದೀಯಾ, ಕೆಲವು ಔಷಧಿಗಳೂ ಈ ಪರೀಕ್ಷೆಯಲ್ಲಿ ಹೀಗೇ ತೋರಿಸುತ್ತವೆ ಎಂದು ಮಂಜುಳ ಮತ್ತೆ ಮತ್ತೆ ಕೇಳಿದಳು. ಮುತ್ತುರಾಜ್ ಇಲ್ಲವೆಂದು ತಲೆಯಾಡಿಸಿದ. ಬೀಡಿಯನ್ನೂ ಮುಟ್ಟಿದವನಲ್ಲ; ಔಷಧಿಯೆಂದರಂತೂ ಚಿಕ್ಕಂದಿನಿಂದ ಮಾರು ದೂರ. ತನ್ನ ಮಟ್ಟಿಗೆ ಅವನು ಹೇಳಿದ್ದು ಅಪ್ಪಟ ಸತ್ಯ. ಸುಳ್ಳು ಹೇಳುತ್ತಿದ್ದಾನೆಂದೇ ಮಂಜುಳ ತಿಳಿದಳು. ಪಾಪ, ಅವಳದೇನು ತಪ್ಪು?

ಜುಂಜಮ್ಮನಿಗೆ ಮಾತ್ರ ಎಲ್ಲ ಗೊತ್ತಿತ್ತು. ಬಾಯಿ ಬಿಡದ ಕುರಿಗೆ ಔಷಧಿಯನ್ನು ಗಂಜಿಯಲ್ಲಿ ಬೆರೆಸಿ ಕುಡಿಸಿ ಕೈ ಪಳಗಿದವಳು ಆಕೆ. ಮಗ ಕೆಮ್ಮುತ್ತಿದ್ದ. ಕೆಮ್ಮು ಕೇಳಿದರೆ ಕಂಪನಿಯವರು ವಾಪಸ್ ಕಳಿಸಿಯಾರೆಂದು ಹೆದರಿ, ಡಾಕ್ಟರು ಗಂಡನಿಗೆ ಬರೆದುಕೊಟ್ಟಿದ್ದ ಸಿರಪ್ಪನ್ನು ಅವನ ರಾಗಿ ಗಂಜಿಗೆ ಸುರಿದು, ರುಚಿ ಗೊತ್ತಾಗದಂತೆ ಬೆಲ್ಲ ಜಾಸ್ತಿ ಹಾಕಿದ್ದಳು. ಈಗ ಬಾಯಿ ಬಿಟ್ಟರೆ ಮಗನ ಮುಂದೆ ಮುಖ ಎತ್ತುವಂತಿಲ್ಲ. ಬಿಡದಿದ್ದರೆ ಅವನು ಅಮಲಿನವನೆಂಬ ಹೆಸರು ಹೊತ್ತು ಊರಿಗೆ ಹೋಗಬೇಕು. ಅವಳಿಗೆ ತುಂಬ ನಾಚಿಕೆಯಾಯಿತು. ಆದರೂ ಎದ್ದು ನಿಂತಳು.

"ನಾನ ಹಾಕೀನ್ರಿ, ಮೇಡಂ. ಗಂಜಿಯೊಳಗ ಕೆಮ್ಮಿನ ಔಷಧಿ. ಅವಗ ಗೊತ್ತಿಲ್ರಿ."

ಮಂಜುಳ ಔಷಧಿಯ ಹೆಸರು ಕೇಳಿ ತಿಳಿದುಕೊಂಡಳು. ಆ ಸಿರಪ್ಪಿನಲ್ಲಿರುವುದು ಅಫೀಮಿನ ಬಳಗದ್ದೇ ಎಂದಳು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕುಡಿಸಬಾರದೆಂದು ಗದರಿದಳು. ಬಾಟಲಿ, ಡಾಕ್ಟರ ಚೀಟಿ ತಂದು ತೋರಿಸಿ, ಮುಂದಿನ ವಾರ ಮತ್ತೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಪಟ್ಟಿಯಿಂದ ಇವನ ಹೆಸರು ತೆಗೆಯುವುದಿಲ್ಲ ಎಂದಳು. ಜುಂಜಮ್ಮನಿಗೆ ಹೋದ ಜೀವ ಬಂದಂತಾಯಿತು.

ಗೇಟು ದಾಟಿದ ಮೇಲೆ ಮುತ್ತುರಾಜ್ ತಾಯಿಯ ಕಡೆ ತಿರುಗಿದ.

"ಯಾವಾಗಿಂದ ಹಿಂಗ ಮಾಡಾಕತ್ತೀಯವ್ವಾ?" ಎಂದು ಕೇಳಿದ.

"ನೀ ಸಣ್ಣಾವಿದ್ದಾಗಿಂದ," ಎಂದಳು ಜುಂಜಮ್ಮ. ಇನ್ನು ಮುಚ್ಚಿಡುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

ಆಟೊ ಬರುವುದು ತಡವಿತ್ತು. ಜುಂಜಮ್ಮ ಪಕ್ಕದ ಅಂಗಡಿಯಿಂದ ಎರಡು ಲೋಟ ಚಹಾ ತಂದು, ಒಂದನ್ನು ಮಗನ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡಳು. ಮುತ್ತುರಾಜ್ ಎರಡೂ ಲೋಟಗಳನ್ನು ನೋಡಿದ. ಆಮೇಲೆ ತನ್ನ ಲೋಟವನ್ನು ಅವಳ ಕಡೆ ಸರಿಸಿ, ಅವಳದನ್ನು ಎತ್ತಿಕೊಂಡ.