ಮಾವಶಿ ಬಿಟ್ಟ ರೈಲು

ನಮ್ಮ ಕಡೆ ಯಾರಾದರೂ ಇಲ್ಲದ್ದನ್ನು ಕಟ್ಟಿ ಹೇಳಿದರೆ "ಸುಮ್ಮನ ರೈಲು ಬಿಡಬ್ಯಾಡ" ಅನ್ನುತ್ತಾರೆ... ಗೊತ್ತಲ್ಲ?

ಇದು ಹಾಗೆ ರೈಲು ಬಿಟ್ಟ ಒಬ್ಬ ಮಾವಶಿಯ, ಅಂದರೆ ಚಿಕ್ಕಮ್ಮನ, ಕಥೆ. ಕೈಯಲ್ಲಿನ ಚಹಾ ಆರಿದರೂ ಪರವಾಗಿಲ್ಲ, ಪೂರ್ತಿ ಓದಿ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕೀಮೋ ವಾರ್ಡ್. ಸಾಲಾಗಿ ಕುರ್ಚಿಗಳು... ಪ್ರತಿ ಕುರ್ಚಿಯ ಪಕ್ಕ ಒಂದು ಡ್ರಿಪ್ ಸ್ಟ್ಯಾಂಡ್.

ಒಂದು ಕುರ್ಚಿಯಲ್ಲಿ ಇಂದುಮತಿ ಮಾವಶಿ. ಅಳ್ನಾವರದಲ್ಲಿ ಖಾನಾವಳಿ ನಡೆಸುವವರು. ಅವರು ಬಾಯಿ ತೆರೆದರೆ ವಾರ್ಡಿಗೆ ವಾರ್ಡೇ ನಗಬೇಕು.

ಪಕ್ಕದಲ್ಲಿ ರೋಹಿಣಿ. ಇನ್ನೂ ಮೂವತ್ತು ದಾಟಿಲ್ಲ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಎರಡನೇ ಡ್ರಿಪ್ಪಿನ ಹೊತ್ತಿಗೆ ಕೂದಲೂ ಉದುರಿತ್ತು, ಧೈರ್ಯವೂ ಉದುರಿತ್ತು.

"ಸಿಸ್ಟರ್, ನನಗಿನ್ನ ಸಾಕಾತು. ಮುಂದಿನ ಸಲ ನಾ ಬರಂಗಿಲ್ಲ," ಅಂದಳು.

ಸಿಸ್ಟರ್ ಫಿಲೋಮಿನಾ ಡ್ರಿಪ್ ಸರಿಪಡಿಸಿ ಅವಳ ಹೆಗಲು ಸವರಿದರು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು...

ಆಗ ಮಾವಶಿ ಗೋಡೆಯ ಮೇಲಿದ್ದ ಔಷಧಿ ಕಂಪನಿಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. ಹಿಮದ ಬೆಟ್ಟ, ಎತ್ತರದ ಸೇತುವೆ, ಅದರ ಮೇಲೊಂದು ಕೆಂಪು ರೈಲು.

"ಆ ರೈಲು ನೋಡಿಯೇನವ್ವಾ? ಡ್ರಿಪ್ ಎಲ್ಲಾ ಮುಗಿದ ಮ್ಯಾಲೆ ನಾ ಅದರಾಗ ಹೊಂಟೀನಿ. ಆಪೂಸ ಗುಡ್ಡಕ್ಕ!"

ಅಷ್ಟು ನೋವಿನಲ್ಲೂ ರೋಹಿಣಿಗೆ ನಗು ತಡೆಯಲಾಗಲಿಲ್ಲ. "ಆಪೂಸ ಮಾವಿನಹಣ್ಣು ಮಾವಶಿ... ಅದು ಆಲ್ಪ್ಸ್!"

"ಏನರ ಇರಲಿ. ನನಗ ಜೋಡಿ ಒಬ್ಬರು ಬೇಕು. ಕಿಟಕಿ ಯಾವ ಕಡೆ ಹಿಡೀಬೇಕು ಅನ್ನೂದರಾಗ ಒಂದು ಗುಟ್ಟು ಐತಿ..."

"ಏನ್ರಿ ಅದು?"

"ಈಗ ಹೇಳಂಗಿಲ್ಲ. ಮುಂದಿನ ಡ್ರಿಪ್ಪಿಗೆ ಬಾ, ಹೇಳ್ತೀನಿ."

ರೋಹಿಣಿ ಮನೆಗೆ ಹೋಗುವಾಗ ಬೈದುಕೊಂಡೇ ಹೋದಳು. ಆದರೆ ಮುಂದಿನ ಸಲ ಬಂದಳು!

ಅವತ್ತು ಕಿಟಕಿಯ ಗುಟ್ಟು ಹೊರಬಿತ್ತು: ರೈಲು ಬಾಗುವ ಕಡೆ ಕೂತರೆ ಇಡೀ ರೈಲು ಕಾಣುತ್ತದಂತೆ. ಆದರೆ ಚಳಿಗೆ ಏನು ಉಡಬೇಕು ಅನ್ನುವ ಪ್ರಶ್ನೆ ಬಾಕಿ ಉಳಿಯಿತು. ಅದು ಮುಗಿಯುವಷ್ಟರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಕಟ್ಟಬೇಕು ಅನ್ನುವ ದೊಡ್ಡ ಚರ್ಚೆ...

ಪ್ರತಿ ಸಲವೂ ಮಾವಶಿ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಟಿವಿ ಧಾರಾವಾಹಿಯವರೂ ಇವರ ಹತ್ತಿರ ಟ್ಯೂಷನ್‌ಗೆ ಬರಬೇಕು ನೋಡಿ!

ಒಂದು ದಿನ ಔಷಧಿ ಮೈಗೆ ಇಳಿಯುತ್ತಿದ್ದಂತೆ ರೋಹಿಣಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಮಾವಶಿ ಅವಳ ಕೈ ಹಿಡಿದುಕೊಂಡರು.

"ಇದು ಸುರಂಗ ಅಷ್ಟ. ನಮ್ಮ ಕ್ಯಾಸಲ್ ರಾಕ್ ಘಾಟಿನಾಗ ಸುರಂಗ ಬಂದರ ಇಡೀ ಡಬ್ಬಿ ಏನ ಮಾಡ್ತೈತಿ?"

"ಕೂ... ಅಂತ ಒದರ್ತಾರ್ರಿ."

"ಮತ್ತ ಒದರು! ಒದರಿದರ ಕತ್ತಲಿ ಲಗೂ ಸರೀತೈತಿ."

ಇಬ್ಬರೂ ಸಣ್ಣ ದನಿಯಲ್ಲಿ "ಕೂ..." ಅಂದರು. ಎದುರಿನ ಕುರ್ಚಿಯ ಅಜ್ಜನೂ ದನಿಗೂಡಿಸಿದ. ಸಿಸ್ಟರ್ ಬೈಯಲು ಬಂದವರು ನಕ್ಕು ವಾಪಸ್ ಹೋದರು.

ಹೀಗೆ ಕೊನೆಯ ಡ್ರಿಪ್ಪೂ ಮುಗಿಯಿತು. ಕೆಲವು ವಾರಗಳ ನಂತರ ಇಬ್ಬರ ರಿಪೋರ್ಟೂ ಬಂತು... ಎರಡೂ ಕ್ಲೀನ್!

ರೋಹಿಣಿ ಪೇಢೆ ಡಬ್ಬಿ ಹಿಡಿದುಕೊಂಡು ನೇರ ಅಳ್ನಾವರದ ಖಾನಾವಳಿಗೆ ಓಡಿ ಬಂದಳು.

"ಮಾವಶಿ, ನಿಮ್ಮ ಪಾಸ್‌ಪೋರ್ಟ್ ನಂಬರ್ ಹೇಳ್ರಿ. ಇವತ್ತ ಟಿಕೆಟ್ ಬುಕ್ ಮಾಡ್ತೀನಿ!"

ರೊಟ್ಟಿ ಬಡಿಯುತ್ತಿದ್ದ ಮಾವಶಿಯ ಕೈ ನಿಂತಿತು. ಮುಖ ಬಾಡಿತು.

"ಪಾಸ್‌ಪೋರ್ಟ್ ಎಲ್ಲಿಂದ ತರ್ಲೆವ್ವಾ? ನಾ ಗೋವಾ ದಾಟಿ ಆಚೆ ಹೋದಾಕಿ ಅಲ್ಲ. ಆ ಊರು ಯಾವ ದಿಕ್ಕಿಗೈತಿ ಅನ್ನೂದೂ ನನಗ ಗೊತ್ತಿಲ್ಲ..."

"ಮತ್ತ ಅಷ್ಟೆಲ್ಲಾ ಹೇಳಿದ್ರಿ?"

"ನೀ 'ಇನ್ನ ಬರಂಗಿಲ್ಲ' ಅಂದ್ಯಲ್ಲ... ನಿನ್ನ ಹಿಡಿದು ಕೂಡಸಾಕ ನನ್ನ ಕಡೆ ಬ್ಯಾರೆ ಏನಿತ್ತು? ಸುಮ್ಮನ ರೈಲು ಬಿಟ್ಟೆ."

ರೋಹಿಣಿ ಅಲ್ಲೇ ಹಿಟ್ಟು ಚೆಲ್ಲಿದ ನೆಲದ ಮೇಲೆ ಕುಸಿದು ಕೂತಳು. ಅತ್ತಳು... ಮನಸಾರೆ ಅತ್ತಳು. ಯಾವ ಪ್ರಯಾಣದ ಆಸೆಗೆ ಅವಳು ಇಷ್ಟು ದಿನ ಬದುಕಿದ್ದಳೋ, ಆ ಪ್ರಯಾಣವೇ ಇರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಎದ್ದಳು.

"ಮಾವಶಿ, ನೀವು ಬಿಟ್ಟ ರೈಲಿನಾಗ ಕೂತು ನಾ ಇಲ್ಲೀತನಕ ಬಂದೀನಿ. ಈಗ ನಡುವ ಇಳಿಯಂಗಿಲ್ಲ. ಕೈ ತೊಳಕೊಳ್ರಿ... ಪಾಸ್‌ಪೋರ್ಟಿಗೆ ಫೋಟೋ ತೆಗಸಾಕ ಹೋಗೂನು!"

ಸುಲಭವೇನೂ ಆಗಲಿಲ್ಲ. ಟೀಚರ್ ಸಂಬಳ, ಖಾನಾವಳಿ ಸಂಪಾದನೆ... ಕೂಡಿಡಲು ವರ್ಷಗಳೇ ಹಿಡಿದವು. ವೀಸಾ ಆಫೀಸಿನಲ್ಲಿ "ಅಲ್ಲಿಗೆ ಯಾಕೆ ಹೋಗ್ತಿದ್ದೀರಿ?" ಅಂತ ಕೇಳಿದ್ದಕ್ಕೆ ಮಾವಶಿ "ಒದರಾಕ್ರಿ" ಅಂದುಬಿಟ್ಟರಂತೆ!

ಕೊನೆಗೂ ಆ ದಿನ ಬಂತು. ಕ್ಯಾಲೆಂಡರಿನಲ್ಲಿದ್ದಂಥದೇ ಕೆಂಪು ರೈಲು. ಕಿಟಕಿಯ ತುಂಬ ಹಿಮ. ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಮಾವಶಿ ಗಾಜಿಗೆ ಮೂಗು ಒತ್ತಿ ಕೂತಿದ್ದರು.

ಅಷ್ಟರಲ್ಲಿ ಸುರಂಗ ಬಂತು.

ಬೋಗಿಯ ತುಂಬ ಮೌನ. ಆ ದೇಶದಲ್ಲಿ ಯಾರೂ ಜೋರಾಗಿ ಕೆಮ್ಮುವುದೂ ಇಲ್ಲ. "ಇಲ್ಲಿ ಒದರಿದರ ಬೈತಾರೇನ ಬೇ..." ಅಂತ ಮಾವಶಿ ಪಿಸುಗುಟ್ಟಿದರು.

ರೋಹಿಣಿ ಹೆಗಲಿಗೆ ಬಂದ ತನ್ನ ಹೊಸ ಕೂದಲನ್ನು ಹಿಂದಕ್ಕೆ ಸರಿಸಿದಳು. ಎದೆ ತುಂಬ ಉಸಿರೆಳೆದುಕೊಂಡಳು...

"ಕೂ...!"

ಮಾವಶಿ ಬಿಡುತ್ತಾರೆಯೇ? ಘಾಟಿನ ಗಂಟಲು! "ಕೂ...!" ಎದುರು ಕೂತಿದ್ದ ಬಿಳಿಗಡ್ಡದ ಮುದುಕ ಬೆಚ್ಚಿಬಿದ್ದ. ಆಮೇಲೆ ನಕ್ಕ. ಮುಂದಿನ ಸುರಂಗಕ್ಕೆ ಎಲ್ಲರಿಗಿಂತ ಮೊದಲು ಒದರಿದವನು ಅವನೇ! ಇಡೀ ಬೋಗಿ ಅವನ ಜೊತೆ ದನಿಗೂಡಿಸಿತು.

ಬೆಳಕಿಗೆ ಬಂದ ಕೂಡಲೇ ಮಾವಶಿ ಹುಬ್ಬಳ್ಳಿಗೆ ವಿಡಿಯೋ ಕಾಲ್ ಮಾಡಿಸಿದರು. "ಸಿಸ್ಟರ್... ರೈಲು ಬಿಟ್ಟೈತಿ ನೋಡ್ರಿ! ಈ ಸಲ ಖರೇನ ಬಿಟ್ಟೈತಿ!"

ಸಿಸ್ಟರ್ ಫಿಲೋಮಿನಾ ಕಣ್ಣೀರಿನಲ್ಲೇ ನಗುತ್ತ ಫೋನನ್ನು ವಾರ್ಡಿನ ಕಡೆ ತಿರುಗಿಸಿದರು. ರೋಹಿಣಿ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಇನ್ನೊಬ್ಬ ಹುಡುಗಿ. ತಲೆಗೆ ಸ್ಕಾರ್ಫ್... ಮುಖ ಗೋಡೆಯ ಕಡೆ.

"ಇಕಾ ಇಲ್ಲಿ ನೋಡವ್ವಾ ತಂಗಿ," ಅಂತ ಕರೆದರು ಮಾವಶಿ. ಹುಡುಗಿ ಮೆಲ್ಲಗೆ ತಿರುಗಿದಳು. ಫೋನಿನಲ್ಲಿ ರೈಲಿನ ಕಿಟಕಿಯಾಚೆ ಬೆಟ್ಟ, ಸೇತುವೆ, ಬಿಸಿಲು...

"ಮುಂದ ಇದಕ್ಕಿಂತ ದೊಡ್ಡದೊಂದು ಬರೂದೈತಿ. ಅದು ಏನಂದ್ರ..."

ಮಾವಶಿ ಮಾತು ನಿಲ್ಲಿಸಿ ನಕ್ಕರು.

"ಈಗ ಹೇಳಂಗಿಲ್ಲ. ಮುಂದಿನ ಡ್ರಿಪ್ಪಿಗೆ ಬಾ, ಹೇಳ್ತೀನಿ!"

ಆ ಹುಡುಗಿ ಎಷ್ಟೋ ದಿನಗಳ ಮೇಲೆ ನಕ್ಕಳು.

ಜೊತೆಗೆ ಕೂಗುವ ಒಂದು ದನಿ ಇದ್ದರೆ, ಎಂಥ ಸುರಂಗವನ್ನೂ ದಾಟಬಹುದು.

ನಿಮ್ಮವರಲ್ಲಿ ಈಗ ಕತ್ತಲೆಯಲ್ಲಿ ಒಬ್ಬರೇ ಕೂತಿರುವವರು ಯಾರು...? ಅವರಿಗಾಗಿ ನೀವು ಇವತ್ತು ಯಾವ ರೈಲು ಬಿಡುತ್ತೀರಿ?